ಅಳಿಸಿದ ಹೆಸರುಗಳು

ಸ್ವಯಂಸೇವಕರು ಸೇರಿ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದ ಕನ್ನಡ ಕಾಗುಣಿತ ತಿದ್ದುವ ತಂತ್ರಾಂಶವನ್ನು ಕಂಪನಿ ಬಳಸಿಕೊಂಡಿತ್ತು. ಅದರೊಳಗಿದ್ದ ಅವರ ಹೆಸರುಗಳನ್ನು ಅಳಿಸಿದ್ದವಳು ಕಂಪನಿಯ ಉದ್ಯೋಗಿ ಶಾಲ್ಮಲಿಯೇ. ಈಗ ಕಂಪನಿಯೂ ಆ ತಂಡವೂ ಜೊತೆಗೂಡಿ ದುಡಿಯುವ ಒಪ್ಪಂದವಾಗಿತ್ತು. ಮೊದಲ ಭೇಟಿಗೆ ತಂಡದ ಹಿರಿಯರಾದ ಗುರುಪಾದಪ್ಪ ಅವಳ ಬಳಿ ಬಂದರು.

“ಹೆಸರು ತೆಗೆದದ್ದು ಯಾರಮ್ಮ?”

“ಮೊದಲಿದ್ದವರು ಯಾರೋ ಸರ್. ಕೆಲಸ ಬಿಟ್ಟು ಹೋದ್ರು,” ಎಂದಳು.

“ಹೋಗ್ಲಿ ಬಿಡಿ. ಮತ್ತೆ ಸೇರಿಸಿದ್ದೀವಿ, ಒಂದ್ಸಲ ನೋಡಿ.”

ಇಪ್ಪತ್ತಮೂರು ಹೆಸರುಗಳ ಕೊನೆಗೆ ಅವಳದೂ ಇತ್ತು. ಅವಳು ತಲೆಯೆತ್ತಲಿಲ್ಲ.

“ಯಾರು ಏನು ಬದಲಾಯಿಸಿದ್ರು ಅಂತ ನಿಮ್ಮ ಕಂಪನಿ ಕೊಟ್ಟ ದಾಖಲೆಯಲ್ಲಿ ಎಲ್ಲಾ ಇದೆಯಮ್ಮ. ಹೆಸರು ಅಳಿಸಿದ ದಿನವೇ ನೀವು ತಂತ್ರಾಂಶದಲ್ಲಿದ್ದ ನಮ್ಮದೊಂದು ತಪ್ಪನ್ನೂ ತಿದ್ದಿದ್ರಿ,” ಎಂದರು ಗುರುಪಾದಪ್ಪ.