ಎಡಬದಿಯ ಹನ್ನೊಂದು ಜನ

"ಇನ್ನೂ ಇಬ್ಬರು ಬನ್ನಿ, ಜಾಗವಿದೆ!" ಶೈಲಜಾ ಕೈಬೀಸಿ ಕರೆದಳು.

ದೆಹಲಿಯ ಮೋಟಾರು ಅಪಘಾತ ನ್ಯಾಯಮಂಡಳಿಯ ಅಂಗಳದಲ್ಲಿ ಹದಿನಾಲ್ಕು ಗಾಲಿಯ ಲಾರಿಯೊಂದು ನಿಂತಿತ್ತು. ಅದರ ಎಡಬಾಗಿಲಿನ ಕೆಳಗೆ ಜವಾನರು, ಟೈಪಿಸ್ಟರು, ಚಹಾದ ಭಯ್ಯಾ ಎಲ್ಲರೂ ಒತ್ತೊತ್ತಾಗಿ ನಿಂತರು. ಹತ್ತು ಜನರಾದರು. ಹನ್ನೊಂದನೆಯವಳಾಗಿ ಮುಂದಿನ ಗಾಲಿಯ ಪಕ್ಕ ಶೈಲಜಾ ತಾನೇ ನಿಂತಳು. ಮದುವೆ ಮನೆಯ ಗ್ರೂಪ್ ಫೋಟೋದಂತಿತ್ತು.

ಅವಳು ಲಾರಿ ಕಂಪನಿಯ ವಕೀಲೆ. ಲೋಧಿ ಕಾಲೋನಿಯ ಮನೆಯಿಂದ ಬರುವಾಗಲೇ ಗೆದ್ದವಳ ನಡಿಗೆಯಲ್ಲಿ ಬಂದಿದ್ದಳು. ಅವಳ ವಾದ ಬಹಳ ಸರಳ: ದೊಡ್ಡ ಲಾರಿಗೆ ಬ್ಲೈಂಡ್ ಸ್ಪಾಟ್ ಇರುತ್ತದೆ, ಅಂದರೆ ಡ್ರೈವರನ ಕಣ್ಣಿಗೆ ಬೀಳದ ಜಾಗ. ಕಾಣದವರ ಹೊಣೆಯನ್ನು ಡ್ರೈವರ್ ಹೇಗೆ ಹೊರುತ್ತಾನೆ? ಅಲ್ಲಿ ಹೋಗಿ ನಿಂತವರದೇ ತಪ್ಪು. ಈ ಒಂದು ವಾದದಿಂದ ಅವಳು ಆರು ಕೇಸು ಗೆದ್ದಿದ್ದಳು. ಇವತ್ತು ಅದನ್ನು ನ್ಯಾಯಾಧೀಶರಿಗೆ ಕಣ್ಣಾರೆ ತೋರಿಸಲೆಂದೇ ಲಾರಿ ತರಿಸಿದ್ದಳು.

ಏಳನೆಯ ಕೇಸು ಐತಪ್ಪನದು. ಉಡುಪಿ ಕಡೆಯಿಂದ ಬಂದು ಕಿದ್ವಾಯಿ ನಗರದಲ್ಲಿ ಸಣ್ಣ ಹೋಟೆಲು ಇಟ್ಟವನು. ಕೆಂಪು ದೀಪದಲ್ಲಿ ಲಾರಿಯ ಎಡಕ್ಕೆ ಸ್ಕೂಟರು ನಿಲ್ಲಿಸಿದ್ದ. ಹಸಿರು ಬಿತ್ತು, ಲಾರಿ ಎಡಕ್ಕೆ ತಿರುಗಿತು. ಬಲಗಾಲು ಗಾಲಿಯ ಕೆಳಗೆ ಹೋಯಿತು. ಇಪ್ಪತ್ತೆರಡು ವರ್ಷ ದೋಸೆಕಲ್ಲಿನ ಮುಂದೆ ನಿಂತವನಿಗೆ ಈಗ ಐದು ನಿಮಿಷ ನಿಲ್ಲಲಾಗದು. ಶೈಲಜಾ ಎಷ್ಟೋ ಭಾನುವಾರ ಅವನ ಕೈಯ ಮಸಾಲೆದೋಸೆ ತಿಂದವಳೇ.

"ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಐತಪ್ಪಣ್ಣ," ಎಂದಿದ್ದಳು ಬೆಳಿಗ್ಗೆ. "ಇದು ನನ್ನ ಕೆಲಸ, ಅಷ್ಟೆ."

"ಗೊತ್ತಮ್ಮ," ಎಂದಿದ್ದ ಐತಪ್ಪ ಊರುಗೋಲನ್ನು ಸರಿಮಾಡಿಕೊಳ್ಳುತ್ತಾ. "ಲಾರಿಯೂ ಅದರ ಕೆಲಸವನ್ನೇ ಮಾಡ್ತಿತ್ತು."

ಕಂಪನಿಯ ಮ್ಯಾನೇಜರ್ ಜಗನ್ನಾಥ, ಡ್ರೈವರ್ ರಾಮ್‌ಬರನ್‌ನನ್ನು ಮುಂದೆ ತಳ್ಳಿದ. ಹೊಸ ಅಂಗಿ ತೊಟ್ಟ ಬಡಕಲು ಮನುಷ್ಯ. ನ್ಯಾಯಾಧೀಶರಿಗೆ ಸೆಲ್ಯೂಟ್ ಹೊಡೆದ. ಗುಮಾಸ್ತನಿಗೂ ಹೊಡೆದ. ಎದುರು ಪಕ್ಷದ ವಕೀಲ ನಾರಾಯಣಸ್ವಾಮಿಯವರಿಗೂ ಹೊಡೆದ. ಆಮೇಲೆ ಲಾರಿಯ ಎಡಬಾಗಿಲು ಹತ್ತಲು ಹೋದ. ಜಗನ್ನಾಥ ಅವನ ತೋಳು ಹಿಡಿದು ಬಲಬಾಗಿಲಿಗೆ ತಂದುಬಿಟ್ಟ. ಪಾಪ, ಕೋರ್ಟೆಂದರೆ ಹೆದರಿಕೆ ಎಂದುಕೊಂಡಳು ಶೈಲಜಾ.

ನ್ಯಾಯಾಧೀಶರು ಡ್ರೈವರನ ಕಿಟಕಿಯ ಕೆಳಗೆ ನಿಂತು ಕೇಳಿದರು. "ಎಡಗಡೆ ಯಾರಾದರೂ ಕಾಣುತ್ತಾರೆಯೇ?"

ರಾಮ್‌ಬರನ್ ಕತ್ತು ಆಡಿಸಿದ. "ಯಾರೂ ಇಲ್ಲ ಸಾಬ್."

ಕಾಣದ ಹನ್ನೊಂದು ಜನರಲ್ಲಿ ಒಬ್ಬಳು ಗೆಲುವಿನ ನಗೆ ನಕ್ಕಳು. "ನೋಡಿದಿರಾ ಸ್ವಾಮಿ? ಕಾನೂನಿನ ದೃಷ್ಟಿಯಲ್ಲಿ ನಾವು ಇಲ್ಲಿ ಇಲ್ಲವೇ ಇಲ್ಲ!"

"ಅಚ್ಛಾ," ಎಂದರು ನಾರಾಯಣಸ್ವಾಮಿ, ಕನ್ನಡಕ ಒರೆಸುತ್ತಾ. "ಹಾಗಾದರೆ ಗಾಡಿ ಸ್ಟಾರ್ಟ್ ಮಾಡಿ ಒಂದೇ ಒಂದು ಅಡಿ ಎಡಕ್ಕೆ ತಿರುಗಿಸಲಿ. ಯಾರೂ ಇಲ್ಲವಲ್ಲ."

ಚಹಾದ ಭಯ್ಯಾ ಕೆಟಲು ಹಿಡಿದು ಓಡಿದ. ಟೈಪಿಸ್ಟರು ಚದುರಿದರು. ಗಳಿಗೆಯಲ್ಲಿ ಹತ್ತು ಜನರೂ ಮಾಯ. ಉಳಿದವಳು ಶೈಲಜಾ ಒಬ್ಬಳೇ. ಪಕ್ಕಕ್ಕೆ ಸರಿದರೆ ವಾದ ಬಿದ್ದಂತೆ. ಸರಿಯದಿದ್ದರೆ ತಾನೇ ಬೀಳಬೇಕು. ಫೈಲನ್ನು ಎದೆಗೆ ಒತ್ತಿಕೊಂಡಳು. ಎದೆಯೆತ್ತರದ ಗಾಲಿ ಮಾರು ದೂರದಲ್ಲಿತ್ತು.

ನ್ಯಾಯಾಧೀಶರಿಗೂ ಅವತ್ತು ಬೇರೆ ಕೇಸಿರಲಿಲ್ಲವೇನೋ. "ಚಲೋ, ಸ್ಟಾರ್ಟ್ ಮಾಡು," ಎಂದರು.

ಒಂದು ನಿಮಿಷ ಕಳೆಯಿತು. ಎಂಜಿನ್ ಸದ್ದಿಲ್ಲ. ರಾಮ್‌ಬರನ್ ಸ್ಟೀರಿಂಗ್ ಬಿಟ್ಟು ಕೈಮುಗಿದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ನನ್ನಿಂದ ಆಗಲ್ಲ ಸಾಬ್."

"ಏಕೆ? ಯಾರಾದರೂ ಕಾಣುತ್ತಿದ್ದಾರೆಯೇ?"

"ಇಲ್ಲ."

"ಮತ್ತೆ?"

"ಅಲ್ಲಿ ಮೇಡಂ ಇದ್ದಾರೆ ಸಾಬ್."

ಯಾರೋ ಚಪ್ಪಾಳೆ ತಟ್ಟಿದರು. ನ್ಯಾಯಾಧೀಶರು ಒಳಗೆ ಹೋಗಿ ಅರ್ಧ ಗಂಟೆಯಲ್ಲಿ ತೀರ್ಪು ಬರೆಸಿದರು: ಕಾಣದಿದ್ದರೂ ಇರಬಹುದೆಂದು ಬಲ್ಲವನು ನಿಲ್ಲಬೇಕು, ಈ ಬಡ ಚಾಲಕನ ಆತ್ಮಸಾಕ್ಷಿಗೆ ಇಂದು ತಿಳಿದದ್ದು ಅಂದು ರಸ್ತೆಯಲ್ಲೂ ತಿಳಿಯಬೇಕಿತ್ತು. ಹೊಣೆ ಪೂರ್ತಿ ಕಂಪನಿಯದು. ಪರಿಹಾರವೂ ಪೂರ್ತಿ.

ಐತಪ್ಪ ಕುಂಟುತ್ತಾ ಬಂದು ರಾಮ್‌ಬರನ್‌ನ ಎರಡೂ ಕೈ ಹಿಡಿದುಕೊಂಡ. ನಂತರ ಶೈಲಜಾಳ ಕಡೆ ತಿರುಗಿದ.

"ಅಲ್ಲಿ ನಿಂತಾಗ ಭಯವಾಯಿತೇನಮ್ಮ?"

"ಇಲ್ಲ," ಎಂದಳು.

"ನನಗೂ ಆಗಿರಲಿಲ್ಲ. ತಿರುಗಿಸ್ತಾನೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ ನೋಡಿ."

ಶೈಲಜಾ ಮೆಟ್ಟಿಲ ಬಳಿ ಜಗನ್ನಾಥನನ್ನು ಹಿಡಿದಳು. "ನಾಳೆಯೇ ಹೈಕೋರ್ಟಿಗೆ ಅಪೀಲು ಹಾಕೋಣ. ಡ್ರೈವರನನ್ನು ಮತ್ತೆ ವಿಚಾರಣೆ ಮಾಡಿಸೋಣ."

ಜಗನ್ನಾಥನ ಮುಖ ಬಿಳಿಚಿತು. "ಬೇಡ ಮೇಡಂ. ಇಲ್ಲಿಗೇ ಬಿಟ್ಟುಬಿಡಿ. ದುಡ್ಡು ಕಟ್ಟಿಬಿಡ್ತೇವೆ," ಎಂದವನೇ ಗೇಟಿನತ್ತ ದಾಪುಗಾಲು ಹಾಕಿದ.

ಸಿಟ್ಟೆಲ್ಲ ರಾಮ್‌ಬರನ್ ಮೇಲೆ ತಿರುಗಿತು. ಕಟ್ಟೆಯ ಮೇಲೆ ಕೂತು, ಯಾರೋ ಸನ್ಮಾನದಂತೆ ಕೊಟ್ಟ ಚಹಾ ಕುಡಿಯುತ್ತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ.

"ಇಷ್ಟು ಕರುಣೆ ಇರುವವನು ಅವತ್ತು ಯಾಕಯ್ಯ ನಿಲ್ಲಿಸಲಿಲ್ಲ?"

"ಅವತ್ತು ನಾನಿರಲಿಲ್ಲ ಮೇಡಂ. ಓಡಿಸಿದವನು ಊರಿಗೆ ಓಡಿಹೋದ, ಅವನಿಗೆ ಲೈಸೆನ್ಸೂ ಇರಲಿಲ್ಲ. ನಾನು ಗೋಡೌನಿನ ಚೌಕೀದಾರ." ಅವನು ದನಿ ತಗ್ಗಿಸಿದ. "ಲೈಸೆನ್ಸ್ ನನ್ನ ಹತ್ತಿರ ಇದೆ, ಜಗನ್ನಾಥ ಸಾಹೇಬರೇ ಮಾಡಿಸಿಕೊಟ್ಟಿದ್ದು. ಗಾಡಿ ಓಡಿಸೋಕೆ ಮಾತ್ರ ಬರಲ್ಲ."