ಎರಡನೆಯ ಸಾಕ್ಷಿ

"ಎಷ್ಟು ಮಂದಿ ನೋಡ್ಯಾರೆ?" ಎಂದು ಮಸ್ತಾನಸಾಬ್ ಮಗಳನ್ನು ಕೇಳಿದರು.

"ಒಂದೇ ದೂರದರ್ಶಕ, ಅಬ್ಬಾ," ಎಂದಳು ನೂರೀನ್. ಹರಿಹರದ ಮನೆಯ ತಾರಸಿಯಲ್ಲಿ ಎಲ್ಲರೂ ಪಡುವಣದ ಮೋಡಗಳ ನಡುವೆ ಈದ್ ಚಂದ್ರನನ್ನು ಹುಡುಕುತ್ತಿದ್ದರೆ, ಅವಳು ಮಾತ್ರ ಮೊಬೈಲ್ ನೋಡುತ್ತಿದ್ದಳು.

ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳು, ದೂರದ ಗೆಲಾಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದಿದೆ ಎಂದು ನಿನ್ನೆ ಜಗತ್ತಿನ ಖಗೋಳ ವಿಜ್ಞಾನಿಗಳಿಗೆಲ್ಲ ಸಂದೇಶ ಕಳಿಸಿದ್ದಳು. ದಟ್ಟ ಧೂಳಿನ ಹಿಂದೆ ನಡೆದದ್ದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಲ್ಲಿ ಏನೂ ಇಲ್ಲ. ಧೂಳನ್ನು ದಾಟಿ ಬರುವ ಅವಕೆಂಪು ಕಿರಣಗಳಲ್ಲಿ ಮಾತ್ರ ಹೊಸ ಚುಕ್ಕಿಯೊಂದು ಕಂಡಿತ್ತು. ಕಳಿಸಿದ ಮೇಲೆ ಭಯ ಶುರುವಾಯಿತು. ಅದು ಆಗಾಗ ಮಂಕಾಗಿ ಮತ್ತೆ ಬೆಳಗುವ ಯಾವುದೋ ಹಳೆಯ ನಕ್ಷತ್ರವಾಗಿದ್ದರೆ? ಅವಳ ಮಾತು ನಂಬಿ, ಇನ್ನೂ ರಾತ್ರಿಯಿರುವ ದ್ವೀಪವೊಂದರ ದೊಡ್ಡ ದೂರದರ್ಶಕ ಬೇರೆ ಕೆಲಸ ಬಿಟ್ಟು ಈಗ ಅತ್ತ ತಿರುಗಿತ್ತು.

"ಒಬ್ಬರು ನೋಡಿದ್ದಕ್ಕೇ ಊರಿಗೆಲ್ಲಾ ಸಾರಿಬಿಟ್ಟಿ?" ಮಸೀದಿಯ ಚಾಂದ್ ಕಮಿಟಿಯಲ್ಲಿದ್ದ ಮಸ್ತಾನಸಾಬರಿಗೆ ಅದು ಸರಿಬರಲಿಲ್ಲ. ಮೋಡವಿದ್ದ ದಿನ ಇಬ್ಬರಾದರೂ ಕಣ್ಣಾರೆ ಕಂಡು ಹೇಳದೆ ಅವರು ಹಬ್ಬ ಸಾರುತ್ತಿರಲಿಲ್ಲ.

"ಅವಳ ನಕ್ಷತ್ರ ಬೇಕಾದ್ರೆ ಸಿಡೀಲಿ ಚಾಚಾ, ಚಾಂದ್ ಮಾತ್ರ ಇವತ್ತು ಬ್ಯಾಡ," ಎಂದ ಪಕ್ಕದ ಮನೆಯ ದರ್ಜಿ ಆಸಿಮ್. "ಅರ್ಧ ಮೊಹಲ್ಲಾದ ಅಂಗಿಗೆ ಇನ್ನೂ ತೋಳೇ ಇಲ್ಲ."

ಅಷ್ಟರಲ್ಲಿ ಮೋಡ ಬಿರಿಯಿತು. "ಅಗೋ!" ಎಂದು ಮಸ್ತಾನಸಾಬ್ ಕೈ ಎತ್ತಿದರು. ಉಳಿದವರು ತಿರುಗುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು.

"ಯಾರಿಗಾದ್ರೂ ಕಂಡ್ತಾ?"

ಯಾರಿಗೂ ಕಂಡಿರಲಿಲ್ಲ. ದಾವಣಗೆರೆಯಿಂದಲೂ ಇಲ್ಲವೆಂದೇ ಫೋನ್ ಬಂತು. ಇನ್ನಷ್ಟು ಹೊತ್ತು ಕಾದು, ಅವರು ಮಸೀದಿಗೆ ಕರೆ ಮಾಡಿದರು. "ನಾಳೆನೂ ರೋಜಾ, ಹಬ್ಬ ನಾಡಿದ್ದು ಅಂತ ಹೇಳ್ರಿ. ನೋಡಿದವ ನಾನೊಬ್ಬನೇ."

ಆಸಿಮ್ ಆಗಲೇ ಮೆಟ್ಟಿಲಿಳಿದು ಹೊಲಿಗೆ ಯಂತ್ರದ ಕಡೆ ಓಡಿದ್ದ.

ಕತ್ತಲಾಗುವ ಹೊತ್ತಿಗೆ ನೂರೀನಳ ಮೊಬೈಲ್ ಸದ್ದು ಮಾಡಿತು. 'ನಮಗೂ ಕಂಡಿತು. ಸ್ಫೋಟವೇ, ಅನುಮಾನವಿಲ್ಲ.' ಅವಳು ನೀರಿನ ಟ್ಯಾಂಕಿಗೆ ಒರಗಿ ಕುಳಿತೇಬಿಟ್ಟಳು. ನಗುತ್ತಿದ್ದೇನೋ ಅಳುತ್ತಿದ್ದೇನೋ ಅವಳಿಗೇ ತಿಳಿಯಲಿಲ್ಲ.

"ಸಾಕ್ಷಿ ಸಿಕ್ತೇನು?"

"ಸಿಕ್ತು ಅಬ್ಬಾ." ದುಪಟ್ಟಾದಿಂದ ಕಣ್ಣೊರೆಸಿಕೊಂಡು ಕೇಳಿದಳು, "ಆದ್ರೆ ನೀವು ನೋಡಿದ್ದು?"

"ಅದೆಲ್ಲಿಗೆ ಹೋಗ್ತೈತೆ? ನಾಳೆ ಎಲ್ಲರಿಗೂ ಕಾಣ್ತೈತೆ ಬಿಡು," ಎನ್ನುತ್ತ ಮಸ್ತಾನಸಾಬ್ ನಸುಕಿನ ಸಹರಿ ಊಟಕ್ಕೆ ಅಲಾರಂ ಇಟ್ಟರು.