ಹತ್ತಿಗಡ್ಡದ ಅಜ್ಜ

ಹೆಂಗಸಿನ ಪಾದ ಇಷ್ಟು ದೊಡ್ಡದಿರುವುದಿಲ್ಲ ಎಂದುಕೊಂಡ ಶಾಂತಲಿಂಗಪ್ಪ. ಅಂಗಡಿಯ ಕಟ್ಟೆಯ ಕೆಳಗೆ ನಿಂತವಳು ಮುಖ ಕಾಣದಂತೆ ಸೆರಗು ಹೊದ್ದಿದ್ದಳು. ಧೂಳು ಮೆತ್ತಿದ ಪಾದಗಳು ಊದಿಕೊಂಡಿದ್ದವು. ದನಿ ಒಡೆದು ಗೊಗ್ಗರಾಗಿತ್ತು. ಸೆರಗು ಹಿಡಿದ ಕೈ ಗಂಡಸಿನದರಷ್ಟೇ ಅಗಲವಾಗಿತ್ತು.

"ನಾ ಮಣ್ಣೂರ ಬಾಳಮ್ಮ ರೀ. ಮುಂಜಾನಿಂದ ನಡಕೋತ ಬಂದೇನಿ. ಹಬ್ಬದಾಗ ನಿಮ್ಮ ಅಂಗಡ್ಯಾಗ ಹತ್ತಿಗಡ್ಡದ ಅಜ್ಜ ನಿಂತಿದ್ನಲ್ರಿ, ಅವನ್ನ ಒಂದ್ಸಲ ನಮ್ಮ ಮನಿಗಿ ಕಳಸ್ರಿ."

ಶಾಂತಲಿಂಗಪ್ಪ ಮೀಸೆಯಲ್ಲೇ ನಕ್ಕ. ಬಂದೆಯಾ ದಶರಥ!

ಹಗಲುವೇಷದ ದಶರಥ ಹೋದ ವರ್ಷ ಅಫಜಲಪುರದ ಬಜಾರಿನಲ್ಲಿ ಅವನ ಮಾನ ಕಳೆದಿದ್ದ. ಹಗಲುವೇಷದವರ ಪದ್ಧತಿ ಗೊತ್ತೇ ಇದೆ: ದಿನಕ್ಕೊಂದು ವೇಷ ಹಾಕಿ ಜನರನ್ನು ಏಮಾರಿಸುವುದು, ಕೊನೆಯ ದಿನ ಸ್ವಂತ ರೂಪದಲ್ಲಿ ಬಂದು ಇನಾಮು ಕೇಳುವುದು. ದಶರಥ ಪೊಲೀಸ್ ಅಮೀನನಾಗಿ ಬಂದು ಗದರಿದಾಗ ಶಾಂತಲಿಂಗಪ್ಪ ನಡುಗುತ್ತ ರುಮಾಲು ತೆಗೆದು ಅವನ ಬೂಟಿನ ಮುಂದಿಟ್ಟಿದ್ದ. ಬಜಾರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆ ನಾಚಿಕೆ ಇನ್ನೂ ಆರಿರಲಿಲ್ಲ. ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೂ ತನ್ನನ್ನೇ ನೋಡಿ ನಕ್ಕರೆಂದು ತಲೆ ತಗ್ಗಿಸುತ್ತಿದ್ದ.

ಆದರೂ ವ್ಯಾಪಾರದ ಮುಂದೆ ಹಗೆ ಎಲ್ಲಿಯದು? ಕ್ರಿಸ್ಮಸ್ ಹತ್ತಿರ ಬಂದಾಗ ಸೊಲ್ಲಾಪುರದ ಅಂಗಡಿಯೊಂದು ಕೆಂಪು ಅಂಗಿಯ, ಬಿಳಿ ಗಡ್ಡದ ಅಜ್ಜನನ್ನು ನಿಲ್ಲಿಸಿ ಗಿರಾಕಿ ಕೂಡಿಸಿದ್ದನ್ನು ಅವನು ನೋಡಿ ಬಂದಿದ್ದ. ಸುತ್ತಲ ಹಳ್ಳಿಗಳಲ್ಲಿ ಕೂಲಿ ಮಾಡುವ ಕ್ರೈಸ್ತರ ಮನೆಗಳಿದ್ದವು. ಹಾಡು ಹೇಳಿ, ಹುಗ್ಗಿ ಉಂಡರೆ ಅವರ ಹಬ್ಬ ಮುಗಿಯಿತು. ಹಬ್ಬವಿತ್ತು, ಖರೀದಿ ಇರಲಿಲ್ಲ. ದೀಪಾವಳಿಯಲ್ಲಿ ಮಾರದೆ ಉಳಿದ ಆಕಾಶಬುಟ್ಟಿಗಳಿಗೆ ಅವನು ಬೇಗಡೆಯ ನಕ್ಷತ್ರ ಅಂಟಿಸಿದ. ದಶರಥನಿಗೇ ಕೆಂಪು ಅಂಗಿ ತೊಡಿಸಿ, ಹತ್ತಿಯ ಗಡ್ಡ ಕಟ್ಟಿಸಿದ. ಮಕ್ಕಳ ಕಿವಿಯಲ್ಲಿ ಉಸುರಬೇಕಾದ ಮಾತನ್ನೂ ಕಲಿಸಿದ: "ಬುಟ್ಟಿ ಒಯ್ದು ಬಾಗಿಲಿಗಿ ಕಟ್ಟು. ನಾ ನಿಮ್ಮನಿಗಿ ಬಂದೇ ಬರ್ತೇನಿ."

ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿ ಅತ್ತವು. ತಾಯಂದಿರು ಮನೆಯ ಜೋಳ ಮಾರಿ ಬುಟ್ಟಿ ಕೊಂಡರು. ಶಾಂತಲಿಂಗಪ್ಪನಿಗೆ ಒಳಗೊಳಗೇ ಚೂರು ನಾಚಿಕೆಯಾಯಿತು. ಗಲ್ಲಾಪೆಟ್ಟಿಗೆ ತುಂಬಿದ್ದನ್ನು ನೋಡಿ ಸುಮ್ಮನಾದ.

ಹೊರಡುವಾಗ ದಶರಥ ಸವಾಲು ಹಾಕಿದ್ದ. "ಇನ್ನೊಂದ್ ವೇಷದಾಗ ಬರ್ತೇನ್ರಿ ಸಾವ್ಕಾರ್ರ. ಗುರ್ತ ಹಿಡೀರಿ ನೋಡೋಣು."

ಈಗ ಬಂದಿದ್ದ, ಸೀರೆ ಉಟ್ಟು!

"ಮಗಗ ಜ್ವರ ನೆತ್ತಿಗೇರ್ಯಾವ್ರಿ," ಎನ್ನುತ್ತಿದ್ದಳು ಬಾಳಮ್ಮ. "ಔಷಧ ಹಾಕಿದ್ರ ಉಗಳ್ತಾನ. ಬುಟ್ಟಿ ಕಟ್ಟೇನಿ, ಅಜ್ಜ ಬಂದೇ ಬರ್ತೇನಿ ಅಂದಾನ, ಅಂವ ಬಂದ್ರ ಕುಡೀತೇನಿ ಅಂತಾನ. ನಿಮ್ಮ ಕಾಲಿಗಿ ಬೀಳ್ತೇನ್ರಿ."

ಬಂದೇ ಬರ್ತೇನಿ! ತಾನು ಕಲಿಸಿದ ಮಾತು ದಶರಥನಿಗಲ್ಲದೆ ಮತ್ತಾರಿಗೆ ಗೊತ್ತಿರಬೇಕು?

"ಬರ್ರಿ, ಎಲ್ಲಾರೂ ಬರ್ರಿ! ಕಳ್ಳ ಸಿಕ್ಕಾನ!" ಎಂದು ಬಜಾರಿಗೇ ಕೇಳುವಂತೆ ಕೂಗಿದ. ಜನ ಕೂಡಿತು. ಬಟ್ಟೆ ಅಳೆಯುವ ಗಜಕೋಲಿನಿಂದ ಅವಳ ಸೆರಗು ಎತ್ತಲು ಹೋದ. "ಸಾಕ್ ತಗೀಲೇ! ಕಣ್ಣೀರ್ ಭಾಳ ಛಂದ ಹಾಕ್ತಿ!"

ಅವಳು ಎರಡೂ ಕೈಯಿಂದ ಸೆರಗು ಬಿಗಿಹಿಡಿದು ಅಲ್ಲೇ ಕುಕ್ಕರಿಸಿದಳು. ಬಜಾರು ಗೊಳ್ಳೆಂದಿತು. ಪಕ್ಕದ ದರ್ಜಿ ಇಮಾಮಸಾಬನೊಬ್ಬನೇ ನಗಲಿಲ್ಲ.

"ಖರೇನೇ ಹೆಣ್ಮಗಳು ಇದ್ದಂಗ ಕಾಣ್ತದ್ರಿ ಸಾವ್ಕಾರ್ರ."

"ಹಂಗ ಕಾಣೂದೇ ಅವನ ವಿದ್ಯಾ, ಇಮಾಮಸಾಬ!"

ಶಾಂತಲಿಂಗಪ್ಪ ಹೊಸ ಧೋತರವೊಂದನ್ನು ಅವಳ ಮಡಿಲಿಗೆ ಎಸೆದ. "ತಗೋ ಇನಾಮು. ಸೋತಿ ನೀ."

ಅವಳು ಧೋತರವನ್ನು ನೋಡಿದಳು, ಅವನನ್ನು ನೋಡಿದಳು. "ಅಜ್ಜ ಬರೂದಿಲ್ಲಂತ ಮಗಗ ಹ್ಯಾಂಗ ಹೇಳ್ಲಿ ರೀ?" ಎಂದಳು. ಧೋತರ ಕಟ್ಟೆಯ ಮೇಲಿಟ್ಟು, ಜನರ ನಡುವೆ ಮೈ ಮುದುಡಿಕೊಂಡು ಹೊರಟುಹೋದಳು.

"ಕೊನೀತನಕ ವೇಷ ಬಿಡ್ಲಿಲ್ಲ ನೋಡ್ರಿ, ಭಲೇ!" ಎಂದ ಶಾಂತಲಿಂಗಪ್ಪ. ವರ್ಷದ ಮೇಲೆ ಎದೆ ಸೆಟೆಸಿ ಕೂತ. ಜನರಿಗೆಲ್ಲ ಚಹಾ ಹೇಳಿದ.

ಕಥೆಯನ್ನು ಅವನು ಹೊಸಬರಿಗೆ ಮತ್ತೊಮ್ಮೆ ಹೇಳುತ್ತಿದ್ದಾಗ ದಶರಥ ಬಂದ. ಬಗಲಲ್ಲಿ ಗಂಟು, ಮಾಸಿದ ಅಂಗಿ. ಜನ ಚಪ್ಪಾಳೆ ತಟ್ಟಿದರು. ಶಾಂತಲಿಂಗಪ್ಪ ಧೋತರವನ್ನು ಅವನ ಮುಂದೆ ಸರಿಸಿದ.

ದಶರಥ ಅದನ್ನು ಮುಟ್ಟಲಿಲ್ಲ. "ಯಾ ಮಾರೀಲೆ ತಗೋಲಿ ರೀ? ಹಬ್ಬ ಆದಾಗಿಂದ ಜೇವರ್ಗ್ಯಾಗ ಹಾಸಿಗಿ ಹಿಡದಿದ್ದೆ, ಈಗ ಮೋಟಾರ್ ಇಳದೇನಿ. ಸೋತೇನ್ರಿ ಸಾವ್ಕಾರ್ರ, ಒಂದೂ ವೇಷ ಹಾಕಾಕ ಆಗ್ಲಿಲ್ಲ."